ವ್ಯಾಂಡರ್‌ಬಿಲ್ಟ್ ಕಪ್
ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ 1904ರಲ್ಲಿ ವಿಲಿಯಂ ಕೆ. ವ್ಯಾಂಡರ್‌ಬಿಲ್ಟ್ ಜೂನಿಯರ್ ಆರಂಭಿಸಿದ ಮೋಟಾರು ಪಂದ್ಯ. ಇದರ ಸಾವುನೋವಿಗೆ ವೇಗವನ್ನು ದೂರುವುದುಂಟು. ಹೆಚ್ಚಿನ ತಪ್ಪು ಹಾದಿಯದು. ಸ್ಪರ್ಧೆ ನಡೆದದ್ದು ಸಾರ್ವಜನಿಕ ರಸ್ತೆಗಳಲ್ಲಿ. ಜನ ಕಾರು ಹತ್ತಿರ ಬರುವವರೆಗೂ ರಸ್ತೆಯ ಮೇಲೇ ನಿಂತಿರುತ್ತಿದ್ದರು. 1906ರಲ್ಲಿ ಪ್ರೇಕ್ಷಕನೊಬ್ಬ ಕಾರಿಗೆ ಸಿಕ್ಕಿ ಸತ್ತ. 1907ರಲ್ಲಿ ಪಂದ್ಯವೇ ನಡೆಯಲಿಲ್ಲ. ಮೊದಲ ವರ್ಷ ಸತ್ತವನು ಕಾರಿನಲ್ಲೇ ಇದ್ದ ಮೆಕ್ಯಾನಿಕ್ ಅಲ್ಲವೇ ಎಂದು ಕೇಳಬಹುದು. ನಿಜ, ಆ ಕಾರುಗಳೂ ಸಾಧುವಲ್ಲ. ಆದರೆ ವ್ಯಾಂಡರ್‌ಬಿಲ್ಟ್ ತಾನೇ ಮುಂದಾಗಿ ಲಾಂಗ್ ಐಲೆಂಡ್ ಮೋಟಾರ್ ಪಾರ್ಕ್‌ವೇ ಎಂಬ ಖಾಸಗಿ ರಸ್ತೆ ಕಟ್ಟಿಸಿದ್ದು ದೋಷ ಎಲ್ಲಿತ್ತೆಂಬುದರ ಒಪ್ಪಿಗೆಯೇ. ಆ ಪರಿಹಾರವೂ ಅರೆಬರೆ: 1908ರಿಂದ ಓಟದ ಒಂದು ಭಾಗ ಮಾತ್ರ ಅಲ್ಲಿಗೆ ಬಂತು. 1910ರಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಸತ್ತರು, ಪ್ರೇಕ್ಷಕರೂ ಗಾಯಗೊಂಡರು. 1911ರಲ್ಲಿ ಪಂದ್ಯ ಜಾರ್ಜಿಯಾದ ಸವಾನಾಗೆ ಸ್ಥಳಾಂತರವಾಯಿತು.