ಓದುಗರಿಗೆ ಮೋಸ ಮಾಡೆವೆಂಬ ಪ್ರತಿಜ್ಞೆ

ಪಠ್ಯಪುಸ್ತಕದ ನಡುವೆ ಪತ್ತೇದಾರಿ ಕಾದಂಬರಿಯನ್ನು ಬಚ್ಚಿಟ್ಟು ಓದಿದವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿರಬಹುದು. ಹಿರಿಯರು ಕಾಲಹರಣವೆಂದು ಗದರಿಸುತ್ತಿದ್ದ ಈ ಬರವಣಿಗೆಗೂ ನೀತಿ ನಿಯಮಗಳು ಬೇಕೆಂದು ಲಂಡನ್ನಿನಲ್ಲಿ ಲೇಖಕರೇ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಅದರ ಚರಿತ್ರೆ ಸ್ವಾರಸ್ಯಕರವಾಗಿದೆ.

ಪತ್ತೇದಾರಿ ಕಥೆಯ ಮೊದಲಿಗನೆಂದು ಅಮೆರಿಕದ ಎಡ್ಗರ್ ಅಲನ್ ಪೋನನ್ನು ಹೇಳುತ್ತಾರೆ. ಅವನ ಮೊದಲ ಪತ್ತೇದಾರಿ ಕಥೆ ಪ್ರಕಟವಾದದ್ದು 1841ರಲ್ಲಿ. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದರು. ಹೋಮ್ಸ್‌ನಿಗೆ ಮಾದರಿಯಾದವರು ಡಾಯ್ಲ್‌ಗೆ ಎಡಿನ್‌ಬರೋದಲ್ಲಿ ವೈದ್ಯ ಪಾಠ ಹೇಳಿದ ಗುರು ಜೋಸೆಫ್ ಬೆಲ್. ರೋಗಿಯ ನಡೆ, ಕೈ, ಉಡುಪುಗಳನ್ನು ನೋಡಿಯೇ ಅವನ ಕಸುಬನ್ನು ಊಹಿಸಬಲ್ಲವರೆಂದು ಅವರು ಹೆಸರಾಗಿದ್ದರು.

ಮೊದಲ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಇಂಥ ಕಾದಂಬರಿಗಳ ಸುಗ್ಗಿಯೇ ಆಯಿತು. ಜೊತೆಗೆ ಜೊಳ್ಳೂ ಬೆಳೆಯಿತು. ಕೊನೆಯ ಪುಟದಲ್ಲಿ ಹೇಳಹೆಸರಿಲ್ಲದ ಅಪರಾಧಿ ಬರುವುದು, ಯಾರೂ ಅರಿಯದ ವಿಷ, ಗೋಡೆಗೊಂದು ಗುಪ್ತದ್ವಾರ: ಇವೆಲ್ಲ ಓದುಗರ ಬುದ್ಧಿಗೆ ಮಾಡಿದ ವಂಚನೆಯಾಗಿದ್ದವು. ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಇವುಗಳಿಗೆ ಕಡಿವಾಣ ಹಾಕುವ ಹತ್ತು ಸೂತ್ರಗಳನ್ನೇ ಬರೆದರು.

ಆ ಹೊತ್ತಿಗೆ ಆಂಟನಿ ಬರ್ಕ್ಲಿ ಎಂಬ ಲೇಖಕರು ಸಹಲೇಖಕರನ್ನು ಊಟಕ್ಕೆ ಕರೆದು ಚರ್ಚೆ ನಡೆಸುತ್ತಿದ್ದರು. ಆ ಕೂಟಗಳಿಂದಲೇ 1930ರಲ್ಲಿ ‘ಡಿಟೆಕ್ಷನ್ ಕ್ಲಬ್’ ರೂಪುಗೊಂಡಿತು. ಜಿ. ಕೆ. ಚೆಸ್ಟರ್ಟನ್ ಮೊದಲ ಅಧ್ಯಕ್ಷರು. ಡೊರೊತಿ ಸೇಯರ್ಸ್, ಅಗಾಥಾ ಕ್ರಿಸ್ಟಿ ಸದಸ್ಯರಾಗಿದ್ದರು. ಹೊಸ ಸದಸ್ಯರು ‘ಎರಿಕ್’ ಎಂಬ ತಲೆಬುರುಡೆಯ ಮುಂದೆ ಪ್ರತಿಜ್ಞೆ ಮಾಡಬೇಕಿತ್ತು. ತಮ್ಮ ಪತ್ತೇದಾರ ಸ್ವಂತ ಬುದ್ಧಿಯಿಂದಲೇ ಅಪರಾಧ ಭೇದಿಸುವನು, ದೈವವಾಣಿಗಾಗಲಿ ಆಕಸ್ಮಿಕಕ್ಕಾಗಲಿ ಮೊರೆಹೋಗನು, ಮುಖ್ಯ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಎಂಬುದು ಅದರ ತಿರುಳು. ಆಚರಣೆ ತಮಾಷೆಯದಾದರೂ ಮಾತು ಗಟ್ಟಿಯಾದದ್ದು.

1931ರಲ್ಲಿ ಸದಸ್ಯರು ಕೂಡಿ ‘ದ ಫ್ಲೋಟಿಂಗ್ ಅಡ್ಮಿರಲ್’ ಎಂಬ ಕಾದಂಬರಿ ಬರೆದರು. ಒಬ್ಬರು ಒಂದು ಅಧ್ಯಾಯ ಬರೆದು ಮುಂದಿನವರಿಗೆ ದಾಟಿಸುವುದು. ಸಿಕ್ಕುಗಳನ್ನು ಬಿಡಿಸುವ ದಾರಿ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರಬೇಕು. ಬಾಯಿಗೆ ಬಂದಂತೆ ಗಂಟು ಹಾಕಿ ಇನ್ನೊಬ್ಬರ ತಲೆಗೆ ಕಟ್ಟುವಂತಿರಲಿಲ್ಲ.

ಕನ್ನಡದಲ್ಲಿ ಈ ಓದಿನ ರುಚಿಯನ್ನು ಊರೂರಿಗೆ ಹಂಚಿದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಬರೆದದ್ದು ನೂರಾರು ಕಾದಂಬರಿಗಳು. ಅವರ ‘ಪತ್ತೇದಾರ ಪುರುಷೋತ್ತಮ’ನ ಬೆನ್ನುಹತ್ತಿ ಓದುವ ಚಟ ಹಿಡಿಸಿಕೊಂಡವರು ಅನೇಕರು.

ಊರಿನಲ್ಲಿ ಒಂದು ಕಳವಾದರೆ ಮೊದಲ ಗುಮಾನಿ ಬೀಳುವುದು ಬಡವರ ಮೇಲೆ, ಇಲ್ಲವೇ ಪರಸ್ಥಳದವರ ಮೇಲೆ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಹಾಗೆ ಮೊದಲು ಸಿಕ್ಕಿಬೀಳುವವನು ಹೆಚ್ಚಾಗಿ ನಿರಪರಾಧಿ. ಸಾಕ್ಷ್ಯವೆಲ್ಲ ಮುಂದೆ ಬರುವವರೆಗೆ ತೀರ್ಪು ಹೇಳಬಾರದೆಂಬ ಪಾಠವನ್ನು ಮಕ್ಕಳು ಅಲ್ಲಿ ಖುಷಿಯಿಂದಲೇ ಕಲಿಯುತ್ತಾರೆ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಡುವ ಹಿರಿಯ ವಿದ್ಯಾರ್ಥಿಗಳು ಇಂಥ ನಾಲ್ಕು ಪುಸ್ತಕಗಳನ್ನೂ ಸೇರಿಸಲಿ. ಇನ್ನು ಮುಂದೆ ಮಕ್ಕಳು ಅವನ್ನು ಬಚ್ಚಿಟ್ಟು ಓದಬೇಕಾಗದಿರಲಿ.