ವಿಂಡೋಸ್ ಎಕ್ಸ್‌ಪಿಯ ದೀರ್ಘಕಾಲದ ಬಳಕೆ

ವಿಂಡೋಸ್ ಎಕ್ಸ್‌ಪಿ ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯು 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ತಂದ ಕಾರ್ಯಾಚರಣಾ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಮ್). ಇದರ ನಂತರ ವಿಂಡೋಸ್ ವಿಸ್ಟಾ (2007), ವಿಂಡೋಸ್ 7 (2009) ಮತ್ತು ವಿಂಡೋಸ್ 8 (2012) ಬಂದವು. ಆದರೂ ಬಹಳಷ್ಟು ಬಳಕೆದಾರರು ಎಕ್ಸ್‌ಪಿಯನ್ನು ಬಿಡಲಿಲ್ಲ. 2014ರ ಏಪ್ರಿಲ್ 8ರಂದು ಅದರ ಭದ್ರತಾ ಪರಿಷ್ಕರಣೆಗಳು ನಿಂತ ಮೇಲೂ ಮನೆ, ಕಚೇರಿ, ಆಸ್ಪತ್ರೆ ಹಾಗೂ ಎಟಿಎಂಗಳಲ್ಲಿ ಅದು ಉಳಿದುಕೊಂಡಿತು.

ಕಾರಣಗಳು

ಇದನ್ನು ಬಳಕೆದಾರರ ಸೋಮಾರಿತನವೆಂದು ಬಣ್ಣಿಸುವುದುಂಟು. ಆದರೆ ಈ ವಿವರಣೆ ಸಾಲದು. ಎಕ್ಸ್‌ಪಿ ನಡೆಯಲು 64 ಎಂಬಿ ಸ್ಮರಣೆ (ರ‍್ಯಾಮ್) ಸಾಕಿತ್ತು. ವಿಸ್ಟಾಕ್ಕೆ ಕನಿಷ್ಠ 512 ಎಂಬಿ ಬೇಕಾಯಿತು. ಹೊಸ ವ್ಯವಸ್ಥೆ ಎಂದರೆ ಅನೇಕರಿಗೆ ಹೊಸ ಗಣಕಯಂತ್ರವೇ ಆಗಿತ್ತು. ವಿಸ್ಟಾದಲ್ಲಿ ಡ್ರೈವರ್‌ಗಳ ರಚನೆ ಬದಲಾದುದರಿಂದ ಸುಸ್ಥಿತಿಯಲ್ಲಿದ್ದ ಹಲವು ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳು ಕೆಲಸ ಮಾಡಲಿಲ್ಲ. ವಿಸ್ಟಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿಗಳನ್ನು ಕೊಂಡವರಿಗೆ ಎಕ್ಸ್‌ಪಿಗೆ ಹಿಂದಿರುಗುವ ಹಕ್ಕನ್ನು ಮೈಕ್ರೋಸಾಫ್ಟ್ ತಾನೇ ನೀಡಿತ್ತು.

ರೂಢಿಯ ಪಾತ್ರವೂ ಸಣ್ಣದಲ್ಲ. ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಲಾಯಿತು. ಬಳಕೆದಾರರ ಆಕ್ಷೇಪಗಳ ನಂತರ, 2013ರ ಅಕ್ಟೋಬರ್‌ನಲ್ಲಿ ಬಂದ 8.1 ಆವೃತ್ತಿಯಲ್ಲಿ ಅದು ಮರಳಿ ಬಂದಿತು.

ಕನ್ನಡ ಅಕ್ಷರಜೋಡಣೆಯಲ್ಲಿ

ಕರ್ನಾಟಕದ ಮುದ್ರಣ ಕ್ಷೇತ್ರದಲ್ಲಿ ಈ ಅವಲಂಬನೆಗೆ ಇನ್ನೊಂದು ಮುಖವಿದೆ. ಎಕ್ಸ್‌ಪಿಯು ತುಂಗಾ ಅಕ್ಷರಶೈಲಿಯೊಂದಿಗೆ ಯುನಿಕೋಡ್ ಕನ್ನಡಕ್ಕೆ ಬೆಂಬಲ ನೀಡಿತ್ತು. ಆದರೆ ಡಿಟಿಪಿ ಕೇಂದ್ರಗಳ ಕೆಲಸ ನಡೆಯುತ್ತಿದ್ದುದು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಯುನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ. ಪುಟವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ (7.0) ಬಂದುದು 2001ರಲ್ಲಿ, ಅದಕ್ಕೆ ಯುನಿಕೋಡ್ ಬಾರದು. ಈ ಅಕ್ಷರಶೈಲಿಗಳು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನು ಇರಿಸುತ್ತವೆ. ಹಾಗಾಗಿ ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳು ಲಭ್ಯವಿದ್ದರೂ, ಪರಿವರ್ತಿತ ಪಠ್ಯದ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ವರ್ಷಗಳಿಂದ ಕೂಡಿಟ್ಟ ಪುಸ್ತಕಗಳ ಹಾಗೂ ಲಗ್ನಪತ್ರಿಕೆಗಳ ಕಡತಗಳು, ಬೆರಳಿಗೆ ಒಗ್ಗಿದ ಕೀಲಿಮಣೆ ವಿನ್ಯಾಸ, ನಡೆಯುತ್ತಿರುವ ಪ್ರಿಂಟರ್ ಇವೆಲ್ಲ ಒಂದೇ ಯಂತ್ರಕ್ಕೆ ಹೊಂದಿಕೊಂಡಿರುವಾಗ, ಉಚಿತವಾಗಿ ದೊರೆಯುವ ಲಿನಕ್ಸ್ ಕೂಡ ಅಕ್ಷರಜೋಡಣೆಗಾರರಿಗೆ ದುಬಾರಿಯೇ.

ಪರಿಣಾಮಗಳು

ಬೆಂಬಲ ನಿಂತ ವ್ಯವಸ್ಥೆಯಲ್ಲಿ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಈ ಕಾರಣದಿಂದ 2014ರಲ್ಲಿ ಬ್ರಿಟಿಷ್ ಸರ್ಕಾರವು ತನ್ನ ಎಕ್ಸ್‌ಪಿ ಯಂತ್ರಗಳಿಗೆ ಒಂದು ವರ್ಷದ ವಿಶೇಷ ಬೆಂಬಲವನ್ನು ಹಣ ತೆತ್ತು ಪಡೆಯಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದಾಗ, ಮೈಕ್ರೋಸಾಫ್ಟ್ ರೂಢಿ ಮುರಿದು ಎಕ್ಸ್‌ಪಿಗೂ ಪರಿಷ್ಕರಣೆಯನ್ನು ಬಿಡುಗಡೆ ಮಾಡಿತು. ಈ ದಾಳಿಗೆ ಎಕ್ಸ್‌ಪಿಯೇ ಮುಖ್ಯ ಕಾರಣವೆಂಬ ಗ್ರಹಿಕೆ ಸರಿಯಲ್ಲ: ಸೋಂಕಿತ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7 ಬಳಸುತ್ತಿದ್ದವು. ಅವುಗಳಿಗೆ ಬೇಕಾದ ಪರಿಷ್ಕರಣೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು, ಅದನ್ನು ಅಳವಡಿಸಿರಲಿಲ್ಲ.