ಬಗನಿ ಕಳ್ಳು

ಬಗನಿ ಮರದ ಹೂಗೊನೆಯ ತುದಿ ಕೊಯ್ದು, ಮಡಕೆ ಕಟ್ಟಿ ಇಳಿಸುವ ಬಿಳಿ ಪಾನೀಯ. ‘ಕಳ್ಳು’ ಅಚ್ಚ ದ್ರಾವಿಡ ಪದ: ತಮಿಳಿನಲ್ಲಿ ಕಳ್, ತೆಲುಗಿನಲ್ಲಿ ಕಲ್ಲು, ತುಳುವಿನಲ್ಲಿ ಕಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನ ಬಗನಿಗೆ ಬೈನೆ ಎಂಬ ಹೆಸರೂ ಇದೆ. ಸಸ್ಯಶಾಸ್ತ್ರದಲ್ಲಿ ಇದು ಕ್ಯಾರಿಯೋಟ ಯುರೆನ್ಸ್. ‘ಯುರೆನ್ಸ್’ ಎಂದರೆ ಸುಡುವಂಥದು. ಹಣ್ಣು ಮುಟ್ಟಿ ಕೈ ತುರಿಸಿಕೊಂಡವರಿಗೆ ಬೇರೆ ವಿವರಣೆ ಬೇಡ. ಕುದುರೆ ಬಾಲದಂತೆ ಜೋಲುವ ಗೊನೆಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿಟ್ಟು ಮುಗಿದರೆ ಮರವೂ ಮುಗಿದಂತೆ.

ಬೆಳಗಿನ ಕಳ್ಳು ಸಿಹಿ. ಹೊತ್ತೇರಿದಂತೆ ನೊರೆಗಟ್ಟಿ ಹುಳಿಯಾಗುತ್ತದೆ. ಇಟಲಿಯ ಸಾರ್ಡಿನಿಯಾ ದ್ವೀಪದ ಬಿಳಿ ವೈನ್ ವೆರ್ಮೆಂಟೀನೊಗೆ ಮೀನು ಜೊತೆಯಾದಂತೆ, ಹುಳಿಗಳ್ಳಿಗೆ ಸುಟ್ಟ ಒಣಮೀನು, ಖಾರದ ಏಡಿಸಾರು ಒಗ್ಗುತ್ತವೆ.